ಎದೆಯುರಿ: ಕೊನೆಯಲ್ಲಿ ಉಣ್ಣುವವಳ ಪಾಡು

ಮನೆಯವರೆಲ್ಲ ಉಂಡೆದ್ದ ಮೇಲೆ ಉಳಿದುದನ್ನು ಬಡಿಸಿಕೊಳ್ಳುವುದು ನಮ್ಮ ಅನೇಕ ಮನೆಗಳಲ್ಲಿ ಗೃಹಿಣಿಯ ಪಾಲು. ಪಾತ್ರೆ ತೊಳೆದು ಮುಗಿಸುವಾಗ ರಾತ್ರಿ ಹತ್ತೂವರೆ, ಕೂಡಲೇ ಹಾಸಿಗೆ. ಸ್ವಲ್ಪ ಹೊತ್ತಿಗೆ ಎದೆಯ ನಡುವೆ ಉರಿ, ಗಂಟಲಿಗೆ ಹುಳಿನೀರು. ಕೆಲವು ವರ್ಷ ನನ್ನದೂ ಇದೇ ಪಾಡು. ಮೆಣಸಿನ ಮೇಲೆ ತಪ್ಪು ಹೊರಿಸಿ ಖಾರ ಬಿಟ್ಟೆ, ಉರಿ ಬಿಡಲಿಲ್ಲ. ವೈದ್ಯರು ಮೊದಲು ಕೇಳಿದ್ದು ಏನು ಉಣ್ಣುತ್ತೀರಿ ಎಂದಲ್ಲ, ಉಂಡ ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದು.

ಅನ್ನನಾಳವು ಜಠರವನ್ನು ಸೇರುವಲ್ಲಿ ಸ್ನಾಯುವಿನ ಉಂಗುರವೊಂದಿದೆ. ಆಹಾರ ಇಳಿಯುವಾಗ ತೆರೆದು, ಮತ್ತೆ ಬಿಗಿದುಕೊಳ್ಳುವುದು ಅದರ ಕೆಲಸ. ಹೊಟ್ಟೆ ಬಿರಿಯುವಂತೆ ಉಂಡಾಗ ಅದು ಸಡಿಲಗೊಳ್ಳುತ್ತದೆ. ಆಗಲೇ ಮಲಗಿದರೆ ಜಠರದ ಆಮ್ಲ ಸುಲಭವಾಗಿ ಮೇಲಕ್ಕೆ ಹರಿಯುತ್ತದೆ. ಆಮ್ಲವನ್ನು ತಾಳಿಕೊಳ್ಳುವ ಪದರ ಜಠರಕ್ಕಿದೆ, ಅನ್ನನಾಳಕ್ಕಿಲ್ಲ. ಬೊಜ್ಜು, ಗರ್ಭಾವಸ್ಥೆ, ಬಿಗಿಯಾಗಿ ಕಟ್ಟಿದ ಲಾಡಿ ಕೂಡ ಹೊಟ್ಟೆಯನ್ನು ಒತ್ತುತ್ತವೆ.

ಆದ್ದರಿಂದ ಊಟಕ್ಕೂ ನಿದ್ದೆಗೂ ನಡುವೆ ಕನಿಷ್ಠ 3 ಗಂಟೆ ಅಂತರವಿರಲಿ. ನಮ್ಮ ಮನೆಯಲ್ಲಿ ಈಗ ಎಲ್ಲರದೂ ಎಂಟು ಗಂಟೆಗೆ ಒಟ್ಟಿಗೇ ಊಟ. ಮೊದಮೊದಲು ಗೊಣಗಿದವರೂ ಒಗ್ಗಿಕೊಂಡರು. ಎಣ್ಣೆ, ತುಪ್ಪದ ಊಟ ಜಠರದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಬಿರಿಯಾನಿ ಮಧ್ಯಾಹ್ನಕ್ಕಿರಲಿ. ಚಹಾ, ಕಾಫಿ, ಚಾಕೊಲೇಟ್, ಟೊಮೆಟೊ, ಹಸಿ ಈರುಳ್ಳಿ ಕೆಲವರಿಗೆ ಆಗುವುದಿಲ್ಲ, ಎಲ್ಲರಿಗೂ ಅಲ್ಲ. ಎರಡು ವಾರ ತಿಂದುದನ್ನೂ ಉರಿ ಬಂದ ಹೊತ್ತನ್ನೂ ಬರೆದಿಟ್ಟರೆ ನಿಮಗೆ ಆಗದಿರುವುದು ಯಾವುದೆಂದು ತಿಳಿಯುತ್ತದೆ. ಸುಮ್ಮನೆ ಎಲ್ಲವನ್ನೂ ಬಿಟ್ಟು ಸೊರಗಬೇಕಿಲ್ಲ.

ರಮಝಾನಿನಲ್ಲಿ ತೊಂದರೆ ಹೆಚ್ಚು. ಇಫ್ತಾರ್‌ಗೆ ಸಮೋಸ, ಪಕೋಡ, ಶರಬತ್ತು, ಅದರ ಬೆನ್ನಿಗೇ ಊಟ. ತುಂಬಿದ ಹೊಟ್ಟೆಯಲ್ಲಿ ತರಾವೀಹ್‌ಗೆ ನಿಂತರೆ ಸುಜೂದ್‌ನಲ್ಲಿ ಬಾಗಿದಾಗ ಹುಳಿ ಗಂಟಲಿಗೇ ಬರುತ್ತದೆ. ಖರ್ಜೂರ, ನೀರು, ಸ್ವಲ್ಪ ಗಂಜಿಯಿಂದ ಉಪವಾಸ ಬಿಟ್ಟು ಮಗ್ರಿಬ್ ಮುಗಿಸಿ, ಆಮೇಲೆ ಮಿತವಾಗಿ ಉಣ್ಣಿ. ಸಹರಿಯನ್ನು ಬಿಡಬೇಡಿ, ಕರಿದದ್ದನ್ನು ಬಿಡಿ. ಫಜ್ರ್ ನಂತರ ಮಲಗಲೇಬೇಕಾದರೆ ಮಂಚದ ತಲೆಗಡೆಯ ಕಾಲುಗಳ ಕೆಳಗೆ 6ರಿಂದ 8 ಇಂಚು ಎತ್ತರದ ಗಟ್ಟಿ ಮರದ ತುಂಡುಗಳನ್ನಿಡಿ. ದಿಂಬು ಪೇರಿಸಿದರೆ ಸೊಂಟ ಮಡಚಿ ಹೊಟ್ಟೆಗೆ ಒತ್ತಡ ಹೆಚ್ಚಬಹುದು. ಎಡ ಮಗ್ಗುಲು ಉರಿಯನ್ನು ತಗ್ಗಿಸುತ್ತದೆ. ಬಲ ಮಗ್ಗುಲಲ್ಲಿ ಮಲಗುವುದು ಸುನ್ನತ್ ಎಂದು ಕಲಿಸುವವಳು ನಾನೇ. ಆದರೂ ಕಾಯಿಲೆಯಿದ್ದಾಗ ಎಡಕ್ಕೆ ಹೊರಳಿದರೆ ತಪ್ಪಿಲ್ಲ.

ವಾರಕ್ಕೆ ಎರಡು ಮೂರು ಬಾರಿ ಉರಿ ಬಂದರೆ ವೈದ್ಯರನ್ನು ಕಾಣಿ. ಅಂಗಡಿಯಿಂದ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು ಬೇಡ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ತಡಮಾಡಬೇಡಿ. ರಕ್ತವಾಂತಿಯಾದರೆ, ಡಾಂಬರಿನಂತೆ ಕಪ್ಪು ಮಲ ಹೋದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಎದೆಯಲ್ಲಿ ಒತ್ತಡ, ತಣ್ಣನೆ ಬೆವರು, ಉಸಿರಾಟದ ತೊಂದರೆ, ತೋಳು, ಬೆನ್ನು ಅಥವಾ ದವಡೆಗೆ ಹರಡುವ ನೋವು ಹೃದಯಾಘಾತದ್ದಾಗಿರಬಹುದು. ಮಹಿಳೆಯರಲ್ಲಿ ಅದು ಕೆಲವೊಮ್ಮೆ ವಾಕರಿಕೆ, ಹೊಟ್ಟೆಯ ಮೇಲ್ಭಾಗದ ಸಂಕಟವಾಗಿಯೇ ಕಾಣಿಸಿಕೊಳ್ಳುತ್ತದೆ. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಬೆಳಗಾಗಲೆಂದು ಕಾಯಬೇಡಿ, ಮಲಗಿದವರನ್ನು ಎಬ್ಬಿಸಿ.