ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ

ಜುಮಾ ಮುಗಿದು ಮಸೀದಿಯ ಮೆಟ್ಟಿಲಿಳಿಯುವಾಗ ಪಿಯುಸಿ ಓದುವ ಹುಡುಗನೊಬ್ಬ ಕೇಳಿದ: “ಹಜ್ರತ್, ಜಿನೀವಾದಲ್ಲಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸ್ತಾರಲ್ಲ, ಸುಮಾರು ನೂರು ಕೋಟಿ ಡಿಕ್ಕಿಗೆ ಒಂದು ಹಿಗ್ಸ್ ಕಣ ಹುಟ್ಟುತ್ತಂತೆ. ಇಷ್ಟು ಗದ್ದಲದಲ್ಲಿ ಅದು ಅದೇ ಅಂತ ಹೇಗೆ ಹೇಳ್ತಾರೆ?”

ನಾನು ಬಿ.ಎ. ಓದಿದವನು. ಆದರೂ ಪ್ರಶ್ನೆ ಬಿಡಲಿಲ್ಲ, ಹುಡುಕಿ ಓದಿದೆ. ಉತ್ತರ ನಮ್ಮ ಕೋಲಾರದಲ್ಲೇ ಇತ್ತು.

ಆಕಾಶದಿಂದ ಬರುವ ಪ್ರೋಟಾನ್‌ಗಳು ಗಾಳಿಯ ಪರಮಾಣುಗಳಿಗೆ ಸದಾ ಬಡಿಯುತ್ತಿರುತ್ತವೆ. ಆ ಡಿಕ್ಕಿಗಳಿಂದ ಮ್ಯೂಯಾನ್ ಎಂಬ ಕಣಗಳು ಬರುತ್ತವೆ. ಅಂಗೈ ಚಾಚಿದರೆ ಸೆಕೆಂಡಿಗೆ ಸುಮಾರು ಒಂದು ಅದರೊಳಗಿಂದ ಹಾದುಹೋಗುತ್ತದೆ. ಜೊತೆಗೆ ನ್ಯೂಟ್ರಿನೋಗಳೂ ಬರುತ್ತವೆ. ಇವು ಇಡೀ ಭೂಮಿಯನ್ನೇ ದಾಟಿಬಿಡುತ್ತವೆ. ಎಲ್ಲೋ ಅಪರೂಪಕ್ಕೆ ಒಂದು ಬಂಡೆಗೆ ತಾಗಿ ಹೊಸ ಮ್ಯೂಯಾನ್ ಹುಟ್ಟಿಸುತ್ತದೆ. ಆ ಒಂದನ್ನು ಹಿಡಿಯಬೇಕಾದರೆ ಮೊದಲು ಉಳಿದ ಮ್ಯೂಯಾನ್‌ಗಳ ಮಳೆ ನಿಲ್ಲಬೇಕು.

1951ರಲ್ಲಿ ಹೋಮಿ ಭಾಭಾ ಅವರು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು ನಮ್ಮ ಪಕ್ಕದ ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ ಅವರನ್ನು. ಆಳಕ್ಕೆ ಇಳಿದಷ್ಟೂ ಮ್ಯೂಯಾನ್ ಎಷ್ಟು ಕಡಿಮೆಯಾಗುತ್ತದೆ ಎಂದು ಎಣಿಸುವುದೇ ಕೆಲಸ. ವರ್ಷಗಳ ನಂತರ ಅದೇ ಗಣಿಯ ತೀರಾ ಆಳದಲ್ಲಿ ಸಹೋದ್ಯೋಗಿಗಳು ಉಪಕರಣ ಇಟ್ಟು ಎರಡು ತಿಂಗಳು ಕಾದರು. ಒಂದೂ ಬರಲಿಲ್ಲ. ನಮ್ಮಂಥವರು ಕೆಲಸ ಕೆಟ್ಟಿತು ಅನ್ನುತ್ತಿದ್ದೆವು. ಅವರಿಗೆ ಬೇಕಾಗಿದ್ದ ನಿಶ್ಶಬ್ದ ಅದೇ ಆಗಿತ್ತು.

1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ 2.3 ಕಿ.ಮೀ. ಆಳದಲ್ಲಿ, ಕಣ ಹಾದರೆ ಮಿನುಗುವ ಪ್ಲಾಸ್ಟಿಕ್ಕಿನ ಎರಡು ಗೋಡೆಗಳನ್ನು ಎದುರುಬದುರು ನಿಲ್ಲಿಸಿದರು. ಒಂದೇ ಗೋಡೆ ಮಿನುಗಿದರೆ ಲೆಕ್ಕಕ್ಕಿಲ್ಲ. ಎರಡೂ ಒಟ್ಟಿಗೆ ಮಿನುಗಬೇಕು. (ಈದ್ ಚಂದ್ರನಿಗೆ ನಾವು ಎರಡನೆಯ ಸಾಕ್ಷಿ ಕೇಳುವುದು ನೆನಪಾಯಿತು.) ಅದೂ ಸಾಲದು, ಬಂದ ದಿಕ್ಕು ನೋಡಬೇಕು. ನೆತ್ತಿಯ ಮೇಲಿನಿಂದ ಬಂದದ್ದು ಉಳಿದುಬಂದ ಹಳೆಯ ಮ್ಯೂಯಾನ್ ಇರಬಹುದು. ಅಡ್ಡಲಾಗಿ ಬಂದದ್ದಾದರೆ ದಾರಿಯಲ್ಲಿ ಇನ್ನೂ ಎಷ್ಟೋ ಕಿಲೋಮೀಟರ್ ಬಂಡೆ ದಾಟಬೇಕು, ಮ್ಯೂಯಾನ್‌ಗೆ ಅದು ಆಗದು. ಹಾಗಾದರೆ ಅದು ಪಕ್ಕದ ಬಂಡೆಯಲ್ಲೇ ನ್ಯೂಟ್ರಿನೋದಿಂದ ಹುಟ್ಟಿದ್ದು. ಅಂಥವು ಸಿಕ್ಕವು, ಆ ವರ್ಷದ ಆಗಸ್ಟ್‌ನಲ್ಲಿ ವರದಿ ಅಚ್ಚಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿದ್ದ ಇನ್ನೊಂದು ತಂಡವೂ ಅದೇ ತಿಂಗಳು ಪ್ರಕಟಿಸಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು.

ಜಿನೀವಾದಲ್ಲಿ ಗದ್ದಲ ನಿಲ್ಲಿಸಲಾಗದು, ಆದ್ದರಿಂದ ಗದ್ದಲವನ್ನೇ ಅಳೆಯುತ್ತಾರೆ. ಹಿಗ್ಸ್ ಇಲ್ಲದೆಯೂ ಅಂಥ ಗುರುತುಗಳು ಎಷ್ಟು ಬೀಳಬೇಕು ಎಂದು ಮೊದಲು ಲೆಕ್ಕ ಹಾಕಿ, ಅದಕ್ಕಿಂತ ಹೆಚ್ಚು ಬಿದ್ದದ್ದನ್ನು ಮಾತ್ರ ನೋಡುತ್ತಾರೆ. ಉಪಕರಣದ ಕಣ್ಣು ತಪ್ಪಿಸಿಕೊಂಡವು ಎಷ್ಟಿರಬಹುದು ಎಂಬುದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಆ ಹೆಚ್ಚಳ ಬರೀ ಆಕಸ್ಮಿಕವಾಗಿ ಬರುವ ಸಂಭವ ಸುಮಾರು 35 ಲಕ್ಷಕ್ಕೆ ಒಂದರಷ್ಟು ಇಳಿದ ಮೇಲೆಯೇ, 2012ರ ಜುಲೈ 4ರಂದು, ‘ಹೊಸ ಕಣ ಕಂಡೆವು’ ಎಂದರು. ಆಗಲೂ ಅದು ಹಿಗ್ಸ್ ಎಂದು ಖಚಿತವಾಗಿ ಹೇಳಲಿಲ್ಲ. ಅದಕ್ಕೆ ಇನ್ನೂ ತಿಂಗಳುಗಳೇ ಬೇಕಾದವು.