ಸಮುದ್ರದ ಗಾಳಿ ವಿದ್ಯುತ್: ಟೆಂಡರ್ ಕರೆದರೂ ಕಂಪನಿಗಳು ಬರಲಿಲ್ಲ ಏಕೆ?

ರಸ್ತೆ ಕಾಮಗಾರಿಗೆ ಅಂದಾಜು ಮೊತ್ತ ತೀರಾ ಕಡಿಮೆ ಇಟ್ಟರೆ ಗುತ್ತಿಗೆದಾರರು ಟೆಂಡರ್ ಹಾಕಲ್ಲ. 2023ರಲ್ಲಿ ಬ್ರಿಟನ್ ಸರ್ಕಾರಕ್ಕೂ ಆಗಿದ್ದು ಇದೇ. ಸಮುದ್ರದಲ್ಲಿ ಗಾಳಿಯಂತ್ರ ಹಾಕಿ ವಿದ್ಯುತ್ ಉತ್ಪಾದಿಸುವ ಯೋಜನೆಗಳಿಗೆ ಕರೆದ ಹರಾಜಿನಲ್ಲಿ ಒಂದೇ ಒಂದು ಬಿಡ್ ಬರಲಿಲ್ಲ.

ಎಡವಿದ್ದೆಲ್ಲಿ?

ಬ್ರಿಟನ್‌ನಲ್ಲಿ ಆಗ ಗೆದ್ದ ಕಂಪನಿಗೆ 15 ವರ್ಷ ನಿಗದಿತ ದರದ ಖಾತರಿ ಸಿಗುತ್ತಿತ್ತು. ಮಾರುಕಟ್ಟೆ ದರ ಕುಸಿದರೆ ವ್ಯತ್ಯಾಸದ ಹಣ ಕಂಪನಿಗೆ, ಏರಿದರೆ ಹೆಚ್ಚುವರಿ ಹಣ ವಾಪಸ್. ಆದರೆ 2023ರಲ್ಲಿ ಗರಿಷ್ಠ ದರ ಯೂನಿಟ್‌ಗೆ 4.4 ಪೆನ್ಸ್ (2012ರ ಬೆಲೆಯ ಲೆಕ್ಕ) ಎಂದು ಸರ್ಕಾರ ಮಿತಿ ಹಾಕಿತು. ಅದೇ ಹೊತ್ತಿಗೆ ಉಕ್ಕು, ಯಂತ್ರ, ಸಾಲದ ಬಡ್ಡಿ ಎಲ್ಲವೂ ದುಬಾರಿಯಾಗಿದ್ದವು. ಲೆಕ್ಕ ಹೊಂದಲಿಲ್ಲ, ಕಂಪನಿಗಳು ಹಿಂದೆ ಸರಿದವು.

ಮಿತಿ ಏರಿಸಿದಾಗ

2024ರಲ್ಲಿ ಮಿತಿ 7.3 ಪೆನ್ಸ್‌ಗೆ ಏರಿತು. ಪೈಪೋಟಿ ಬಂದಿದ್ದರಿಂದ ಅಂತಿಮ ದರ 5.9 ಪೆನ್ಸ್ ದಾಟಲಿಲ್ಲ. ಅಂದರೆ ಮಿತಿ ಹೆಚ್ಚಿಸಿದ ಮಾತ್ರಕ್ಕೆ ಕಂಪನಿಗಳು ಕೇಳಿದಷ್ಟೂ ಕೊಡಬೇಕಾಗಿಲ್ಲ. ಆದರೂ ಗೆದ್ದ ಯೋಜನೆಗಳಲ್ಲಿ 2,400 ಮೆಗಾವ್ಯಾಟ್‌ನ ಹಾರ್ನ್‌ಸೀ 4 ಅನ್ನು 2025ರ ಮೇ ತಿಂಗಳಲ್ಲಿ ಕಂಪನಿಯೇ ಕೈಬಿಟ್ಟಿತು. ವೆಚ್ಚ ಏರಿದ್ದು ಒಂದು ಕಾರಣ. ಟೆಂಡರ್ ಗೆದ್ದ ಮಾತ್ರಕ್ಕೆ ವಿದ್ಯುತ್ ಬಂದಂತಲ್ಲ.

ಭಾರತದಲ್ಲಿ ಏನು?

ನಮ್ಮಲ್ಲಿ ಸಮುದ್ರದ ಗಾಳಿ ವಿದ್ಯುತ್ತಿನ ದರ, ವಿದ್ಯುತ್ ಸರಬರಾಜು ಕಂಪನಿಗಳು ಕೊಡಲು ಒಪ್ಪುವ ದರಕ್ಕಿಂತ ಹೆಚ್ಚು. ಈ ಅಂತರ ತುಂಬಲು ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ ₹7,453 ಕೋಟಿ ಅನುದಾನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುಜರಾತ್ ಮತ್ತು ತಮಿಳುನಾಡು ಕರಾವಳಿಗೆ ತಲಾ 500 ಮೆಗಾವ್ಯಾಟ್. ಇದರಲ್ಲಿ ₹600 ಕೋಟಿ ಎರಡು ಬಂದರುಗಳ ಅಭಿವೃದ್ಧಿಗೆ. ಸಮುದ್ರದಿಂದ ದಡಕ್ಕೆ ವಿದ್ಯುತ್ ತರುವ ಮಾರ್ಗ ಪವರ್‌ಗ್ರಿಡ್ ಹೊಣೆ. ಕರ್ನಾಟಕದ ಕರಾವಳಿ ಈ ಹಂತದಲ್ಲಿಲ್ಲ.

ಭಾರ ಯಾರ ಮೇಲೆ?

ವಿದ್ಯುತ್ ಮಾರ್ಗ, ಬಂದರು, ಖಾತರಿ ಖರೀದಿದಾರರು ಮೊದಲೇ ಸಿಕ್ಕರೆ ಕಂಪನಿಯ ನಷ್ಟದ ಭಯ ತಗ್ಗುತ್ತೆ. ಬ್ಯಾಂಕ್ ಕಡಿಮೆ ಬಡ್ಡಿಗೆ ಸಾಲ ಕೊಡುತ್ತೆ, ಕೇಳುವ ದರವೂ ಇಳಿಯುತ್ತೆ. ಆದರೆ ಆ ಭಾರ ಸುಮ್ಮನೆ ಮಾಯವಾಗಲ್ಲ: ತೆರಿಗೆ ಅಥವಾ ಕರೆಂಟ್ ಬಿಲ್ ಮೂಲಕ ಜನರ ಮೇಲೆಯೇ ಬೀಳುತ್ತೆ. ಯಾವ ಭಾರ ಸರ್ಕಾರಕ್ಕೆ, ಯಾವುದು ಕಂಪನಿಗೆ ಎಂದು ಟೆಂಡರ್ ಕರೆಯುವ ಮೊದಲೇ ಸ್ಪಷ್ಟವಾಗಿ ಹಂಚಿಕೊಳ್ಳುವುದೇ ಇಲ್ಲಿ ಮುಖ್ಯ.