ದ್ವಿಚಕ್ರದಿಂದ ತ್ರಿಚಕ್ರಕ್ಕೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನಲ್ಲಿ, ಕೇರಳದ ಗಡಿಗೆ ಸಮೀಪದಲ್ಲಿ, ಬೆಟ್ಟಂಪಾಡಿ ಎಂಬ ಗ್ರಾಮವಿದೆ. ಆ ಸೀಮೆಯ ನೆಲ ಸಮತಟ್ಟಾದುದಲ್ಲ. ಕೆಂಪುಕಲ್ಲಿನ ಗುಡ್ಡಗಳು, ಅವುಗಳ ನಡುವಣ ತಗ್ಗಿನಲ್ಲಿ ಅಡಿಕೆಯ ತೋಟಗಳು, ಗುಡ್ಡದ ಮಗ್ಗುಲಲ್ಲಿ ಮನೆ, ಮನೆಯ ಮುಂದೆ ಅಡಿಕೆ ಒಣಗಿಸುವ ಅಂಗಳ: ಇದು ಅಲ್ಲಿಯ ಕೃಷಿಕನ ಸಾಮಾನ್ಯ ಸಂಸ್ಥಾನ. ಸೊಪ್ಪು, ಗೊಬ್ಬರಗಳು ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಗೊನೆಗಳು ಕೆಳಗಿನಿಂದ ಮೇಲಕ್ಕೆ ಏರಬೇಕು. ಹಿಂದೆ ಈ ಹೊರೆಯೆಲ್ಲ ಆಳುಗಳ ತಲೆಯ ಮೇಲೆ ಸಾಗುತ್ತಿತ್ತು. ಇಂದು ಹೊರುವವರು ವಿರಳರಾಗಿದ್ದಾರೆ. ಅಡಿಕೆಯ ಸಾಲುಗಳ ನಡುವೆ ಸಾಮಾನ್ಯವಾಗಿ ಬಿಡುವ ಅಂತರ 9 ಅಡಿ. ಅಲ್ಲಿಗೆ ಲಾರಿ ಬಾರದು, ದೊಡ್ಡ ಟ್ರ್ಯಾಕ್ಟರು ತಿರುಗದು. ಇಂತಹ ಸ್ಥಿತಿಯಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿರುವ ಹಳೆಯ ಮೋಟಾರು ಸೈಕಲ್ಲಿನ ಕಡೆಗೆ ಕೃಷಿಕನ ದೃಷ್ಟಿ ಹೋಗುವುದು ಸಹಜವೇ ಆಗಿದೆ. ಎಂಜಿನ್ ಇನ್ನೂ ಗಟ್ಟಿಯಾಗಿದೆ. ಹಿಂದೆ ಇನ್ನೊಂದು ಚಕ್ರವನ್ನು ಸೇರಿಸಿ ಮೇಲೊಂದು ತೊಟ್ಟಿಯನ್ನು ಕೂಡಿಸಿದರೆ ಸಾಲದೆ?

ಸಾಲದು ಎಂಬುದೇ ಈ ವಿದ್ಯೆಯ ಮೊದಲ ಪಾಠ. ಬೆಂಕಿಗೆ ಸುಡುವುದು ಹೇಗೆ ಧರ್ಮವೋ, ನೀರಿಗೆ ತಗ್ಗಿನತ್ತ ಹರಿಯುವುದು ಹೇಗೆ ಧರ್ಮವೋ, ಹಾಗೆಯೇ ಎರಡು ಚಕ್ರದ ವಾಹನಕ್ಕೆ ವಾಲುವುದು ಧರ್ಮ. ಮೂರನೆಯ ಚಕ್ರ ಬಂದೊಡನೆ ಆ ಧರ್ಮ ಅಳಿದು ಬೇರೊಂದು ಧರ್ಮ ಹುಟ್ಟುತ್ತದೆ. ಆದುದರಿಂದ ಇದು ಕೂಡಿಸುವ ಲೆಕ್ಕವಲ್ಲ. ವಾಹನವನ್ನು ಮೊದಲಿನಿಂದ ಮತ್ತೆ ಆಲೋಚಿಸುವ ಕಾರ್ಯ.

ಮೂರು ಚಕ್ರದ ಮೋಟಾರು ವಾಹನ ಹೊಸದೇನಲ್ಲ. ಜರ್ಮನಿಯ ಕಾರ್ಲ್ ಬೆಂಜ್ 1886ರ ಜನವರಿ 29ರಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಮೋಟಾರು ಗಾಡಿಗೆ ಇದ್ದುದು ಮೂರೇ ಚಕ್ರ. ನಮ್ಮ ದೇಶದಲ್ಲಿ ಎರಡನೆಯ ಮಹಾಯುದ್ಧದ ಹಾರ್ಲೆ ಡೇವಿಡ್ಸನ್ ಮೋಟಾರು ಸೈಕಲ್ಲುಗಳನ್ನು ಮೂರು ಚಕ್ರದ ಬಾಡಿಗೆ ಗಾಡಿಗಳನ್ನಾಗಿ ಮಾರ್ಪಡಿಸಿ ದೆಹಲಿಯ ಬೀದಿಗಳಲ್ಲಿ ದಶಕಗಳ ಕಾಲ ಓಡಿಸಿದರು. ಅವುಗಳ ಸದ್ದನ್ನೇ ಹೆಸರಾಗಿಸಿ ಜನರು ಅವನ್ನು ಫಟ್‌ಫಟಿ ಎಂದು ಕರೆದರು. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್‌ಸುಖ್‌ಭಾಯಿ ಜಗಾನಿ ಎಂಬ ಕೃಷಿಕರು 1994ರಲ್ಲಿ ಎನ್‌ಫೀಲ್ಡ್ ಬುಲೆಟ್ಟಿನ ಹಿಂಚಕ್ರವನ್ನು ಕಳಚಿ, ಆ ಸ್ಥಾನದಲ್ಲಿ ಎರಡು ಚಕ್ರಗಳ ಜೋಡಣೆಯನ್ನೂ ನೇಗಿಲು ಮೊದಲಾದ ಸಾಧನಗಳನ್ನೂ ಅಳವಡಿಸಿ ಹೊಲವನ್ನು ಉತ್ತರು. ಬರಗಾಲದಲ್ಲಿ ಎತ್ತುಗಳು ದುರ್ಲಭವಾದುದೇ ಆ ಯತ್ನಕ್ಕೆ ಪ್ರೇರಣೆ. ಬುಲೆಟ್ ಸಾಂತಿ ಎಂಬ ಆ ಸಾಧನಕ್ಕೆ ಮುಂದೆ ಪೇಟೆಂಟ್ ಸಹ ದೊರೆಯಿತು.

ಪುತ್ತೂರಿನ ಆಸುಪಾಸಿನಲ್ಲಿಯೂ ಇಂತಹ ಬುದ್ಧಿಶಕ್ತಿಗೆ ಕೊರತೆಯಿಲ್ಲ. 1988ರಲ್ಲಿ ಪುತ್ತೂರಿನಿಂದ ಪ್ರಕಟಣೆ ಆರಂಭಿಸಿದ ‘ಅಡಿಕೆ ಪತ್ರಿಕೆ’ಯು ಕೃಷಿಕರು ತಾವೇ ರೂಪಿಸಿಕೊಂಡ ಸಾಧನಗಳನ್ನು ನಾಡಿಗೆ ಪರಿಚಯಿಸಿತು. ನೆರೆಯ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಸಣ್ಣ ಪೆಟ್ರೋಲ್ ಎಂಜಿನ್ನಿನಿಂದ ಅಡಿಕೆ ಮರವನ್ನೇರುವ ಯಂತ್ರವನ್ನು ರಚಿಸಿ 2019ರಲ್ಲಿ ದೇಶದ ಗಮನ ಸೆಳೆದರು. ಕೌಶಲವಿರುವಲ್ಲಿಯೇ ಎಚ್ಚರವೂ ಹೆಚ್ಚಾಗಿ ಬೇಕಾಗುತ್ತದೆ.

ಮೊದಲನೆಯದಾಗಿ ವಾಲುವಿಕೆಯ ವಿಚಾರ. ದ್ವಿಚಕ್ರಿಯ ಸವಾರನು ತಿರುವಿನಲ್ಲಿ ಒಳಮಗ್ಗುಲಿಗೆ ವಾಲುತ್ತಾನೆ. ಹೊರಕ್ಕೆ ತಳ್ಳುವ ಬಲವನ್ನು ಆ ವಾಲುವಿಕೆ ಸರಿದೂಗಿಸುತ್ತದೆ. ತ್ರಿಚಕ್ರಿಯ ಚೌಕಟ್ಟು ವಾಲದು. ಹೊರಕ್ಕೆ ತಳ್ಳುವ ಬಲವೆಲ್ಲ ಅದನ್ನು ಮಗುಚಲು ಯತ್ನಿಸುತ್ತದೆ. ಹಿಂದಿನ ಎರಡು ಚಕ್ರಗಳ ನಡುವೆ 1 ಮೀಟರ್ ಅಂತರವಿದೆಯೆಂದೂ, ಒಟ್ಟು ಭಾರದ ಮೂರರಲ್ಲಿ ಎರಡು ಪಾಲು ಹಿಂಭಾಗದಲ್ಲಿದೆಯೆಂದೂ, ಭಾರಕೇಂದ್ರವು ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿದೆಯೆಂದೂ ಇಟ್ಟುಕೊಳ್ಳೋಣ. 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅಂತಹ ವಾಹನವು ಗಂಟೆಗೆ ಸುಮಾರು 27 ಕಿಲೋಮೀಟರ್ ವೇಗದಲ್ಲಿ ಮಗುಚುವ ಅಂಚಿಗೆ ಬರುತ್ತದೆ. ಗೊನೆಗಳನ್ನು ಎತ್ತರವಾಗಿ ಪೇರಿಸಿ ಭಾರಕೇಂದ್ರವು 90 ಸೆಂಟಿಮೀಟರಿಗೆ ಏರಿತೆಂದರೆ 22 ಕಿಲೋಮೀಟರ್ ವೇಗವೇ ಸಾಕು. ನಿಂತಿರುವಾಗಲೂ ಅಪಾಯ ತಪ್ಪಿದ್ದಲ್ಲ: ಮೊದಲಿನ ಸ್ಥಿತಿಯಲ್ಲಿ 29 ಡಿಗ್ರಿಯ ಅಡ್ಡ ಇಳಿಜಾರನ್ನು ತಾಳಬಲ್ಲ ಗಾಡಿ, ಹೊರೆ ಎತ್ತರವಾದಾಗ 20 ಡಿಗ್ರಿಯಲ್ಲಿಯೇ ಉರುಳುತ್ತದೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಭಾರವು ಒಂಟಿಯಾದ ಮುಂಚಕ್ರದ ಕಡೆಗೆ ಜಾರಿ ಈ ಮಿತಿ ಇನ್ನೂ ಕುಗ್ಗುತ್ತದೆ. ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಹೊರೆ ಚಾಚಿದ್ದರೆ, ಏರುವಾಗ ಮುಂಚಕ್ರ ಹಗುರವಾಗಿ ಹ್ಯಾಂಡಲ್ ಮಾತು ಕೇಳದು. ಆದುದರಿಂದ ತೊಟ್ಟಿಯನ್ನು ತಗ್ಗಾಗಿಯೂ ಹಿಂದಿನ ಅಚ್ಚಿಗೆ ತುಸು ಮುಂದಾಗಿಯೂ ಕೂಡಿಸಬೇಕು. ಚಕ್ರಗಳ ನಡುವಣ ಅಂತರವು ತೋಟದ ದಾರಿ ಅನುಮತಿಸುವಷ್ಟು ಅಗಲವಾಗಿರಬೇಕು. ಬಹುಕಾಲ ದ್ವಿಚಕ್ರಿಯನ್ನು ನಡೆಸಿದವನ ದೇಹವು ಅಭ್ಯಾಸಬಲದಿಂದ ವಾಲಲು ಹೋಗುವುದರಿಂದ, ತ್ರಿಚಕ್ರಿಯನ್ನು ಅವನು ಹೊಸಬನಂತೆ ಕಲಿಯಬೇಕು.

ಎರಡನೆಯದು ಹಿಂಚಕ್ರಗಳಿಗೆ ಎಂಜಿನ್ನಿನ ಬಲವನ್ನು ಹಂಚುವ ಸಮಸ್ಯೆ. ನಮ್ಮ ಎತ್ತಿನ ಗಾಡಿಯಲ್ಲಿ ಅಚ್ಚು ಸ್ಥಿರ. ಕಡಾಣಿಯ ಕಾವಲಿನಲ್ಲಿ ಪ್ರತಿಯೊಂದು ಗಾಲಿಯೂ ತನ್ನಷ್ಟಕ್ಕೆ ತಿರುಗುತ್ತದೆ. ತಿರುವಿನಲ್ಲಿ ಹೊರಗಾಲಿ ಹೆಚ್ಚು ಸುತ್ತಿದರೂ ಒಳಗಾಲಿಗೆ ಬಾಧೆಯಿಲ್ಲ. ಏಕೆಂದರೆ ಎಳೆಯುವ ಶಕ್ತಿಯು ನೊಗದಲ್ಲಿದೆ, ಗಾಲಿಯಲ್ಲಿಲ್ಲ. ಮೋಟಾರು ವಾಹನದಲ್ಲಿ ಶಕ್ತಿಯು ಗಾಲಿಗೇ ಬರುತ್ತದೆ. 3 ಮೀಟರ್ ತ್ರಿಜ್ಯದ ಒಂದು ಪೂರ್ಣ ಸುತ್ತಿನಲ್ಲಿ, 1 ಮೀಟರ್ ಅಂತರದ ಗಾಲಿಗಳ ಪೈಕಿ ಹೊರಗಿನದು ಸುಮಾರು 22 ಮೀಟರ್, ಒಳಗಿನದು ಸುಮಾರು 16 ಮೀಟರ್ ಕ್ರಮಿಸಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದು ತಿರುಗಿಸಿದರೆ ಒಂದು ಗಾಲಿ ನೆಲವನ್ನು ಉಜ್ಜಲೇಬೇಕು. ಟೈರು ಸವೆಯುತ್ತದೆ, ಗಾಡಿ ತಿರುಗಲೊಲ್ಲದೆ ನೇರಕ್ಕೆ ಎಳೆಯುತ್ತದೆ. ಒಂದೇ ಗಾಲಿಗೆ ಚೈನು ಜೋಡಿಸಿದರೆ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ. ಆ ಗಾಲಿ ಕೆಸರಿನಲ್ಲಿ ಹೂತರೆ ಗಾಡಿಯೇ ನಿಲ್ಲುತ್ತದೆ. ಎರಡಕ್ಕೂ ಬಲವನ್ನು ಸಮವಾಗಿ ಹಂಚಿ, ವೇಗದಲ್ಲಿ ಮಾತ್ರ ಸ್ವಾತಂತ್ರ್ಯ ಕೊಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ಬೆಂಜ್ ಮಹಾಶಯನ ಮೊದಲ ಗಾಡಿಯಲ್ಲಿಯೇ ಅದಿತ್ತು. ಇಂದು ಮಾರ್ಪಾಡು ಮಾಡುವವರಿಗೆ ಹಳೆಯ ಆಟೋರಿಕ್ಷಾದ ಹಿಂಭಾಗದಿಂದ ಅದು ದೊರೆಯುವುದುಂಟು.

ಮೂರನೆಯದು ನಿಲ್ಲಿಸುವ ಮತ್ತು ಹಿಂದೆಗೆಯುವ ಉಪಾಯ. ಮೋಟಾರು ಸೈಕಲ್ಲಿನ ಹಿಂಬ್ರೇಕ್ ಒಂದು ಚಕ್ರಕ್ಕಾಗಿ ರಚಿತವಾದುದು. ಎರಡು ಹಿಂಚಕ್ರಗಳಿಗೂ ಬ್ರೇಕ್ ಸಮನಾಗಿ ಹಿಡಿಯದಿದ್ದರೆ ಗಾಡಿ ಅಡ್ಡ ತಿರುಗುತ್ತದೆ. ಮೋಟಾರು ಸೈಕಲ್ಲಿಗೆ ಸಾಮಾನ್ಯವಾಗಿ ನಿಲುಗಡೆಯ ಕೈಬ್ರೇಕ್ ಇಲ್ಲ, ಹಿಂಬದಿಯ ಗೇರೂ ಇಲ್ಲ. ಕ್ವಿಂಟಾಲ್ ಹೊರೆಯಿರುವ ಗಾಡಿಯನ್ನು ಇಳಿಜಾರಿನಲ್ಲಿ ಕಾಲೂರಿ ತಡೆಯಲು ಯಾರಿಂದಲೂ ಆಗದು. ಗುಡ್ಡದ ಊರಿನಲ್ಲಿ ಕೈಬ್ರೇಕ್ ಅಲಂಕಾರವಲ್ಲ, ಪ್ರಾಣರಕ್ಷೆ.

ನಾಲ್ಕನೆಯದು ಎಂಜಿನ್ನಿನ ಸ್ವಭಾವ. ಗಾಳಿಯಿಂದ ತಣಿಯುವ ಎಂಜಿನ್ ಓಡಿದಷ್ಟೂ ಗಾಳಿ ಪಡೆಯುತ್ತದೆ. ಹೊರೆ ಹೊತ್ತು ಮೊದಲನೆಯ ಗೇರಿನಲ್ಲಿ ತೆವಳುವಾಗ ಗಾಳಿ ಸಾಲದೆ ಕುದಿಯುತ್ತದೆ. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಜಾವಾ, ಯೆಜ್ಡಿಗಳು ಎರಡು ಸ್ಟ್ರೋಕಿನವು. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೇ ಅವುಗಳ ಸಿಲಿಂಡರಿಗೆ ಜಿಡ್ಡು. ದೀರ್ಘ ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲಿ ಇಳಿದರೆ ಪೆಟ್ರೋಲಿನೊಡನೆ ಎಣ್ಣೆಯೂ ನಿಲ್ಲುವುದರಿಂದ ಪಿಸ್ಟನ್ ಹಿಡಿದುಕೊಳ್ಳುವ ಭಯವಿದೆ. ಮೇಲಾಗಿ, ವೇಗವನ್ನು ಎಂಜಿನ್ನಿನಿಂದಲೇ ತಡೆಯುವ ಸಾಮರ್ಥ್ಯ ಎರಡು ಸ್ಟ್ರೋಕಿಗೆ ಕಡಮೆ. ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಇಷ್ಟಾದ ಬಳಿಕ ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿತು. ಆವರಣದೊಳಗೆ ಮಾತ್ರ ಬಳಸಲೆಂದು ರಚಿಸಿದ ವಿಶೇಷ ವಾಹನವನ್ನು ಕಾಯಿದೆಯು ಮೋಟಾರು ವಾಹನದ ವ್ಯಾಖ್ಯೆಯಿಂದ ಹೊರಗಿಟ್ಟಿದೆ ನಿಜ. ಆದರೆ ಪಂಚಾಯತಿಯ ರಸ್ತೆ ದಾಟಿ ಆಚೆಯ ತೋಟಕ್ಕೆ ಹೋದೊಡನೆ ಆ ಆಸರೆ ತಪ್ಪುತ್ತದೆ. ಅಲ್ಲಿ ಯಾರಿಗಾದರೂ ಪೆಟ್ಟಾದರೆ ವಿಮೆಯ ಬೆಂಬಲವೂ ಅನುಮಾನ.

ಆದರೆ ಕಾನೂನು ಒಂದು ಬಾಗಿಲನ್ನು ತೆರೆದಿಟ್ಟಿದೆ. ಅಂಗವೈಕಲ್ಯವುಳ್ಳವರ ಬಳಕೆಗಾಗಿ ಮಾರ್ಪಡಿಸಿದ ವಾಹನಕ್ಕೆ 2019ರ ತಿದ್ದುಪಡಿಯು ಪ್ರತ್ಯೇಕ ಸ್ಥಾನವನ್ನು ಕೊಟ್ಟಿತು. ಸಾರಿಗೆ ಅಧಿಕಾರಿಯ ಅನುಮತಿ, ಪರಿಶೀಲನೆಗಳ ಮೂಲಕ ಅಂತಹ ವಾಹನ ರಸ್ತೆಗೆ ಬರಬಹುದು. ಕಾಲುಗಳ ಬಲವಿಲ್ಲದವನಿಗೆ ಮೂರನೆಯ ಚಕ್ರವೆಂದರೆ ಸಂತೆಗೂ ಕಛೇರಿಗೂ ಪಾಠಶಾಲೆಗೂ ಪರರ ಕೈ ಹಿಡಿಯದೆ ಹೋಗುವ ಸ್ವಾತಂತ್ರ್ಯ. ಅವನ ಗಾಡಿ ಮಗುಚಿದರೆ ಜಿಗಿದು ಪಾರಾಗಲು ಅವನಿಗೆ ಸಾಧ್ಯವಿಲ್ಲ. ಆದುದರಿಂದಲೇ ಅದನ್ನು ಕಟ್ಟುವವನ ಹೊಣೆ ಇಮ್ಮಡಿ.

ಶರಣರ ಪರಂಪರೆಯಲ್ಲಿ ಬಾಚಿಕಾಯಕದ ಬಸವಣ್ಣನೂ ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಪೂಜ್ಯರು. ಕಾಯಕವೆಂದರೆ ಬರಿಯ ದುಡಿಮೆಯಲ್ಲ. ಆ ದುಡಿಮೆಯ ಫಲವನ್ನು ನಂಬಿ ಕುಳಿತವನ ಹಿತವೂ ಅದರೊಳಗಿದೆ. ದೋಣಿಯ ಬಿರುಕನ್ನು ಮೊದಲು ಕಾಣಬೇಕಾದವನು ಅಂಬಿಗ, ಪ್ರಯಾಣಿಕನಲ್ಲ. ನಮ್ಮ ಶಾಲೆಗಳಲ್ಲಿ ಭಾರಕೇಂದ್ರವನ್ನೂ ವೃತ್ತದ ಪರಿಧಿಯನ್ನೂ ಕಪ್ಪುಹಲಗೆಯ ಮೇಲೆ ಬಿಡಿಸುವ ಉಪಾಧ್ಯಾಯರು ಅವನ್ನು ಗುಡ್ಡದ ಊರಿನ ಇಂತಹ ಗಾಡಿಗೆ ಅನ್ವಯಿಸಿ ತೋರಿಸಿದರೆ, ಕಲಿತ ಬಾಲಕನು ನಾಳೆ ವೆಲ್ಡಿಂಗ್ ಕೊಠಡಿಯಲ್ಲಿ ನಿಂತಾಗ ಕೊಳವೆಯನ್ನು ಕತ್ತರಿಸುವುದಕ್ಕೆ ಮೊದಲು ಅಳೆಯುತ್ತಾನೆ. ಆ ಅಳತೆಯಲ್ಲಿ ಒಬ್ಬನ ಪ್ರಾಣವಿದೆ.